ಗೊರಿಲ್ಲಾ ಹಾಡಿಗೆ ಯಾರೂ ಯಾಕೆ ನಗಲಿಲ್ಲ?

ಪತ್ರ: ನಮ್ಮ ಹವ್ಯಾಸಿ ತಂಡ ಫ್ರಾನ್ಸಿನ ಹಾಡುಗಾರ ಜಾರ್ಜ್ ಬ್ರಾಸಾಂಸ್ ಅವರ ‘ಲೆ ಗೊರಿಯ್’ ಹಾಡನ್ನು ಕನ್ನಡಕ್ಕೆ ತಂದು, ಕೀಬೋರ್ಡ್, ತಬಲಾ, ಮೂವರ ಕೋರಸ್ ಇಟ್ಟುಕೊಂಡು ಹಾಡಿತು. ಕಥೆ ತಮಾಷೆಯದೇ, ಆದರೂ ಕೊನೆಯ ಚರಣಕ್ಕೆ ಒಬ್ಬರೂ ನಗಲಿಲ್ಲ. ಅವರ ಧಾಟಿಗಳೆಲ್ಲ ಒಂದೇ ಥರ ಕೇಳಿಸುತ್ತವೆ. ನಗಿಸುವ ಕಥೆ ಹಾಡಿದವರಿಗೆ ಕಾವ್ಯ ಪ್ರಶಸ್ತಿ ಹೇಗೆ ಬಂತು? ಕೊನೆಯ ಚರಣದ ನಮ್ಮ ಅನುವಾದ ಇದರೊಂದಿಗಿದೆ.

ಉತ್ತರ: ಕೊನೆಯ ಚರಣಕ್ಕೆ ನಗು ಬರಬಾರದು. ಹಾಡು ಕಟ್ಟಿರುವುದೇ ಹಾಗೆ. ಒಂಬತ್ತು ಚರಣಗಳಲ್ಲಿ ಎಂಟು ಚರಣ ನಗಿಸಬೇಕು, ಒಂಬತ್ತನೆಯದರಲ್ಲಿ ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳಬೇಕು. ನಿಮ್ಮ ಸಭೆ ನಗಲಿಲ್ಲ ಸರಿ, ಬೆಚ್ಚಿಬೀಳಲೂ ಇಲ್ಲವಲ್ಲ, ತೊಂದರೆ ಇರುವುದು ಅಲ್ಲಿ.

ಬೋನಿನಿಂದ ತಪ್ಪಿಸಿಕೊಂಡ ಗೊರಿಲ್ಲಾ ಕಂಡು ಊರೆಲ್ಲ ಓಡುತ್ತದೆ. ಉಳಿಯುವವರು ಇಬ್ಬರು: ಹಣ್ಣು ಮುದುಕಿ, ಎಳೆಯ ನ್ಯಾಯಾಧೀಶ. ಗೊರಿಲ್ಲಾ ಮುದುಕಿಯನ್ನು ಬಿಟ್ಟು ನ್ಯಾಯಾಧೀಶನ ಕಿವಿ ಹಿಡಿದು ಪೊದೆಗೆ ಎಳೆದೊಯ್ಯುತ್ತದೆ. ಅವನು ಅಮ್ಮಾ ಎಂದು ಅಳುತ್ತಾನೆ, ಅದೇ ದಿನ ತಾನು ಶಿರಚ್ಛೇದ ಮಾಡಿಸಿದ ಮನುಷ್ಯನ ಹಾಗೆ. ಫ್ರೆಂಚಿನಲ್ಲಿ ಕತ್ತು ಬೀಳುವುದು ಕಟ್ಟಕಡೆಯ ಸಾಲಿನಲ್ಲಿ. ಅಲ್ಲಿಯವರೆಗೆ ಇದು ಮರಣದಂಡನೆಯ ವಿರುದ್ಧದ ಹಾಡು ಎಂದು ಕೇಳುಗನಿಗೆ ಗೊತ್ತಾಗುವುದಿಲ್ಲ.

ನೀವು ಬರೆದಿರುವುದು: ‘ಬೆಳಿಗ್ಗೆ ತಾನು ಕತ್ತು ಕಡಿಸಿದವನ ಹಾಗೆಯೇ ಅಮ್ಮಾ ಎಂದು ನ್ಯಾಯಾಧೀಶ ಅತ್ತನು.’ ವ್ಯಾಕರಣ ಸರಿಯಾಗಿದೆ, ಏಟು ಮಾತ್ರ ತಪ್ಪಿದೆ. ಕನ್ನಡದಲ್ಲಿ ವಿಶೇಷಣ ಮೊದಲು, ಕ್ರಿಯಾಪದ ಕೊನೆಗೆ. ಹಾಗಾಗಿ ಕತ್ತು ಮೊದಲೇ ಬಿತ್ತು, ಅಳು ಆಮೇಲೆ ಬಂತು. ವಾಕ್ಯವನ್ನು ಒಡೆಯದೆ ಇದಕ್ಕೆ ದಾರಿಯಿಲ್ಲ. ಇನ್ನೊಂದು ತೊಡಕು ಅಳತೆಯದು. ಮೂಲದಲ್ಲಿ ಸಾಲಿಗೆ ಎಂಟು ಉಚ್ಚಾರಾಂಶ. ‘ನ್ಯಾಯಾಧೀಶ’ ಒಂದೇ ನಾಲ್ಕು ಅಕ್ಷರ ನುಂಗುತ್ತದೆ. ಜನ ಆಡುವ ‘ಜಡ್ಜು’ ಎರಡಕ್ಕೆ ಮುಗಿಯುತ್ತದೆ. ಮೊದಲಿನಿಂದಲೂ ಅದನ್ನೇ ಬಳಸಿ. ಆಗ ಕೊನೆಯ ನಾಲ್ಕು ಸಾಲು ಹೀಗೆ ಬರಬಹುದು, ಒಂದೊಂದೂ ಎಂಟಕ್ಷರ:

ಅಮ್ಮಾ ಅಂದ, ಗೊಳೋ ಅಂದ;
ಹೀಗೇ ಅತ್ತಿದ್ದ ಇನ್ನೊಬ್ಬ.
ಅವ್ನ ಕತ್ತು ಕಡಿಸಿದ್ದು
ಇವನೇ, ಅದೂ ಅವತ್ತೇ.

ಇಲ್ಲಿ ಪ್ರಾಸ ಸಡಿಲವಾಗಿದೆ, ಬೇಕೆಂದೇ ಬಿಟ್ಟಿದ್ದೇವೆ. ‘ಅತ್ತನು, ಹೊತ್ತನು, ಓಡಿದನು’ ಎಂದು ಕ್ರಿಯಾಪದಗಳಿಂದ ಅಂತ್ಯಪ್ರಾಸ ಕಟ್ಟಿದರೆ ಅದು ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಪ್ರಾಸಕ್ಕೆ ಯಾರೂ ಕಿವಿ ನಿಮಿರಿಸುವುದಿಲ್ಲ. ಸಾಧ್ಯವಾದ ಕಡೆ ಸಾಲನ್ನು ನಾಮಪದದಲ್ಲಿ ನಿಲ್ಲಿಸಿ. ನಡುವೆ ಒಂದು ಶ್ಲೇಷೆಯೂ ಇದೆ. ಫ್ರೆಂಚಿನ ‘ರೋಬ್’ ಎಂದರೆ ಹೆಂಗಸಿನ ಉಡುಪೂ ಹೌದು, ನ್ಯಾಯಾಧೀಶನ ನಿಲುವಂಗಿಯೂ ಹೌದು. ಗೊರಿಲ್ಲಾ ನುಗ್ಗುವುದು ಆ ‘ರೋಬ್’ಗಳ ಕಡೆಗೆ. ನೀವು ‘ಸೀರೆ’ ಎಂದು ಹಾಕಿ ಅದನ್ನು ಕಳೆದುಕೊಂಡಿದ್ದೀರಿ. ‘ಗೌನು’ ಎನ್ನಿ, ಎರಡೂ ಉಳಿಯುತ್ತವೆ.

ಧಾಟಿಯ ವಿಚಾರ. ಈ ಹಾಡಿಗೆ ಇರುವುದು ಎರಡೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ. ಹೆಬ್ಬೆರಳು ಗಿಟಾರಿನ ಮಂದ್ರದ ತಂತಿ ಮೀಟುತ್ತದೆ, ಉಳಿದ ಬೆರಳುಗಳು ಕಾರ್ಡ್ ಎಳೆಯುತ್ತವೆ, ಮತ್ತೆ ಹೆಬ್ಬೆರಳು. ಜೊತೆಗೆ ಪಿಯೆರ್ ನಿಕೊಲಾ ಅವರ ಡಬಲ್ ಬೇಸ್ ಎಂಬ ದೊಡ್ಡ ಮಂದ್ರ ತಂತಿವಾದ್ಯ, ಅಷ್ಟೇ. ಮಾತಿನ ಮುಂದೆ ಏನೂ ಅಡ್ಡ ನಿಲ್ಲಬಾರದೆಂದು ಹೀಗೆ. ನಿಮ್ಮ ತಬಲಾದ ತುಣುಕುಗಳು ಬರುವುದು ಸರಿಯಾಗಿ ಮಾತು ಕೇಳಿಸಬೇಕಾದ ಜಾಗದಲ್ಲಿ. ತೆಗೆದುಬಿಡಿ. ಕೋರಸ್ ‘ಗೊರಿಲ್ಲಾ ಬಂತು, ಜೋಕೆ’ ಎಂಬ ಒಂದೇ ಸಾಲಿಗೆ ಸಾಕು. ನಗುವಿಗೆಂದು ಎಲ್ಲೂ ನಿಲ್ಲಿಸಬೇಡಿ. ಹಾಡು ಓಡುತ್ತಲೇ ಇರಬೇಕು.

ಆದರೆ ಎಲ್ಲವೂ ಒಂದೇ ಥರ ಎಂಬ ಮಾತನ್ನು ಒಪ್ಪಲಾರೆವು. 1979ರಲ್ಲಿ ಕ್ಯಾಟ್ ಆಂಡರ್ಸನ್, ಹ್ಯಾರಿ ಎಡಿಸನ್ ಮೊದಲಾದ ಅಮೆರಿಕದ ಜಾಝ್ ವಾದಕರು ಬ್ರಾಸಾಂಸ್ ಧಾಟಿಗಳನ್ನು ಸಾಹಿತ್ಯವಿಲ್ಲದೆ ನುಡಿಸಿದರು, ಬ್ರಾಸಾಂಸ್ ಅವರೇ ಗಿಟಾರ್ ಹಿಡಿದು ಜೊತೆಗೆ ಕೂತರು. ಅದನ್ನು ಕೇಳಿದ ಮೇಲೆ ಮೂಲ ಹಾಡುಗಳಿಗೆ ವಾಪಸಾಗಿ; ಧಾಟಿ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ಪ್ರಶಸ್ತಿಯ ಪ್ರಶ್ನೆಗೆ ಅವರ ಬದುಕೇ ಉತ್ತರ. 1921ರಲ್ಲಿ ಮೆಡಿಟರೇನಿಯನ್ ದಡದ ಸೆತ್ ಊರಿನಲ್ಲಿ ಗಾರೆ ಕೆಲಸದವರ ಮನೆಯಲ್ಲಿ ಹುಟ್ಟಿದರು. 1943ರಲ್ಲಿ ಜರ್ಮನಿಯ ಬಾಸ್ಡಾರ್ಫಿಗೆ ಕಡ್ಡಾಯ ದುಡಿಮೆಗೆ ಹೋಗಬೇಕಾಯಿತು. ಮರುವರ್ಷ ರಜೆಯಲ್ಲಿ ಪ್ಯಾರಿಸ್ಸಿಗೆ ಬಂದವರು ಹಿಂತಿರುಗಲಿಲ್ಲ. ಫ್ಲೋರಿಮೋಂ ಗಲ್ಲಿಯಲ್ಲಿ ಜಾನ್ ಎಂಬಾಕೆಯ ಮನೆಯಲ್ಲಿ ಅಡಗಿದರು. ನಲ್ಲಿಯಿಲ್ಲ, ವಿದ್ಯುತ್ತಿಲ್ಲ. ಅಲ್ಲೇ ಉಳಿದದ್ದು 22 ವರ್ಷ. ಹಾಡುಗಳನ್ನು ಬೇರೆಯವರು ಹಾಡಲಿ ಎಂದು ತೆಗೆದುಕೊಂಡು ಹೋದದ್ದು 1952ರಲ್ಲಿ, ಪ್ಯಾರಿಸ್ಸಿನ ಮೊಂಮಾರ್ತ್‌ನಲ್ಲಿ ಗಾಯಕಿ ಪಾತಾಶು ನಡೆಸುತ್ತಿದ್ದ ಕ್ಯಾಬರೆಗೆ. ನೀವೇ ಹಾಡಿ ಎಂದು ವೇದಿಕೆಗೆ ಹತ್ತಿಸಿದವರು ಆಕೆ. ಆಗ ಅವರಿಗೆ ವಯಸ್ಸು ಮೂವತ್ತು. ರೇಡಿಯೊ ಗೊರಿಲ್ಲಾವನ್ನು ದೂರವೇ ಇಟ್ಟಿತು. 1955ರಲ್ಲಿ ಶುರುವಾದ ಯುರೋಪ್ 1 ಕೇಂದ್ರ ಅದನ್ನು ಹಾಕಿತು. ಅದಾಗಲೇ ಅವರು ವಿಯೋಂ, ಹ್ಯೂಗೊ, ಅರಗೊನ್ ಕವಿತೆಗಳಿಗೆ ಧಾಟಿ ಕಟ್ಟಿದ್ದರು. ಅರಗೊನ್ ಅವರ ಪ್ರೇಮಕವಿತೆಗೂ ಫ್ರಾನ್ಸಿಸ್ ಜಾಮ್ ಅವರ ಪ್ರಾರ್ಥನೆಗೂ ಒಂದೇ ಧಾಟಿ. ಛಂದಸ್ಸನ್ನು ಅಷ್ಟು ಬಲ್ಲವರು. ಫ್ರೆಂಚ್ ಅಕಾಡೆಮಿಯ ಕಾವ್ಯ ಪ್ರಶಸ್ತಿ ಬಂದದ್ದು 1967ರಲ್ಲಿ. ಫ್ರಾನ್ಸ್ ಮರಣದಂಡನೆ ರದ್ದು ಮಾಡಿದ ಕಾನೂನು 1981ರ ಅಕ್ಟೋಬರ್ 9ರದು. ಬ್ರಾಸಾಂಸ್ ತೀರಿಕೊಂಡದ್ದು ಅದೇ ತಿಂಗಳ 29ರಂದು.

ಮುಂದಿನ ಹಾಡಾಗಿ 1960ರ ‘ಲೋರಾಜ್’ (ಗುಡುಗುಮಳೆ) ಎತ್ತಿಕೊಳ್ಳಿ. ಸಿಡಿಲು ತಡೆಯುವ ಕಂಬಿ ಮಾರುವವನ ಹೆಂಡತಿ ಗುಡುಗಿಗೆ ಹೆದರಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಾಳೆ; ಮಳೆ ಜೋರಾದಷ್ಟೂ ಗಂಡನ ವ್ಯಾಪಾರ ಜೋರು. ಕೊನೆಗೆ ಹಣ ಮಾಡಿದ ಗಂಡ ಅವಳನ್ನು ಮಳೆಯೇ ಬಾರದ ದೇಶಕ್ಕೆ ಕರೆದೊಯ್ಯುತ್ತಾನೆ. ಅನುವಾದಕ್ಕೆ ಕೂರುವ ಮೊದಲು ಆ ಕಂಬಿಗೆ ಚಿಕ್ಕದೊಂದು ಕನ್ನಡ ಮಾತು ಹುಡುಕಿಟ್ಟುಕೊಳ್ಳಿ. ‘ಮಿಂಚುಬಂಧಕ’ ಐದಕ್ಷರ, ಕೇಳಿದರೆ ಪಠ್ಯಪುಸ್ತಕ ನೆನಪಾಗುತ್ತದೆ.