ಆಪರೇಷನ್ ಥಿಯೇಟರ್ ಇಲ್ಲದ ಊರಲ್ಲಿ ಹೆರಿಗೆ

ಓದುಗರ ಪತ್ರ: ಉತ್ತರ ಕೆನಡಾದ ಇನುಯಿಟ್ ಜನರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಅಲ್ಲಿನ ಹೆಂಗಸರು ಹೆರಿಗೆಯನ್ನು ದೊಡ್ಡಾಸ್ಪತ್ರೆಯಿಂದ ತಮ್ಮ ಊರಿಗೇ ತಂದುಕೊಂಡರು ಎಂದು ಮೆಚ್ಚಿ ಬರೆದಿದ್ದೀರಿ. ನಾನು ಹೆರಿಗೆ ವಾರ್ಡಿನಲ್ಲೇ ನೌಕರಿ ಮುಗಿಸಿದವಳು. ರಕ್ತಸ್ರಾವ ಶುರುವಾದರೆ ಕಾಯಲು ಪುರುಸೊತ್ತು ಇರುವುದಿಲ್ಲ. ಆಪರೇಷನ್ ಥಿಯೇಟರ್ ಇಲ್ಲದ ಕಡೆ ಹೆರಿಗೆ ಮಾಡಿಸುವುದನ್ನು ಸಮುದಾಯದ ಗಟ್ಟಿತನ ಅನ್ನಬಹುದೇ?
ನಿವೃತ್ತ ನರ್ಸ್, ತೀರ್ಥಹಳ್ಳಿ

ಸಂಪಾದಕರ ಉತ್ತರ:

ನಮಸ್ಕಾರ ಸಿಸ್ಟರ್. ನಿಮ್ಮ ಭಯ ಸಹಜ. ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಮೊದಲು ಬರುವ ಪ್ರಶ್ನೆಯೇ ಇದು. ಅಲ್ಲಿನವರೂ ಇದನ್ನು ಕೇಳಿಕೊಂಡೇ ಮುಂದೆ ಹೋದರು. ಲೇಖನದಲ್ಲಿ ಎರಡು ಸಾಲಿನಲ್ಲಿ ಬಂದ ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಊರಿನ ಹೆಸರು ಪುವಿರ್ನಿಟುಕ್. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಹಡ್ಸನ್ ಕೊಲ್ಲಿಯ ದಡದಲ್ಲಿದೆ. ಆ ಸೀಮೆಗೆ ನುನಾವಿಕ್ ಎನ್ನುತ್ತಾರೆ. ಅಲ್ಲಿ ಇರುವುದೇ 14 ಹಳ್ಳಿಗಳು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ದಕ್ಷಿಣಕ್ಕೂ ಇಲ್ಲ. ಮಾಂಟ್ರಿಯಲ್ ಸುಮಾರು 1,600 ಕಿ.ಮೀ. ದೂರ. ಹೋಗುವುದಾದರೆ ವಿಮಾನ. ಹಿಮಗಾಳಿ ಬೀಸಿದರೆ ಅದೂ ಇಲ್ಲ.

1970ರ ದಶಕದಿಂದ ಅಲ್ಲಿ ನಡೆಯುತ್ತಿದ್ದದ್ದು ಇದು. ಹೆರಿಗೆಗೆ ಕೆಲವು ವಾರ ಇರುವಾಗಲೇ ಬಸುರಿಯನ್ನು ವಿಮಾನದಲ್ಲಿ ದಕ್ಷಿಣದ ಆಸ್ಪತ್ರೆಗೆ ಕಳಿಸುತ್ತಿದ್ದರು. ಜೊತೆಗೆ ಗಂಡ ಇಲ್ಲ, ತಾಯಿ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು. ಆಸ್ಪತ್ರೆಯಲ್ಲಿ ತನ್ನ ಮಾತು ಬಲ್ಲವರು ಯಾರೂ ಇಲ್ಲ. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ, ಅಲ್ವಾ? ಇವರು ತವರು, ಗಂಡನ ಮನೆ ಎರಡನ್ನೂ ಬಿಟ್ಟು ಗುರುತಿಲ್ಲದ ಊರಿಗೆ ಹೋಗಬೇಕಿತ್ತು.

ಆ ಜನಕ್ಕೆ 'ಚಿಕಿತ್ಸೆಗೆ ದಕ್ಷಿಣಕ್ಕೆ ಕಳಿಸುವುದು' ಎಂದರೆ ಸಣ್ಣ ಮಾತಲ್ಲ. 1950ರ ದಶಕದಲ್ಲಿ ಕ್ಷಯ ಹಬ್ಬಿದಾಗ ಸರ್ಕಾರದ ಹಡಗು ಕರಾವಳಿಯುದ್ದಕ್ಕೂ ಬಂದು ಎಕ್ಸ್‌ರೇ ತೆಗೆದು, ರೋಗ ಇದ್ದವರನ್ನು ಹಾಗೇ ಕರೆದುಕೊಂಡು ಹೋಗುತ್ತಿತ್ತು. 1956ರ ಹೊತ್ತಿಗೆ ಕೆನಡಾದ ಇನುಯಿಟ್ ಜನರಲ್ಲಿ ಏಳರಲ್ಲಿ ಒಬ್ಬರು ದಕ್ಷಿಣದ ಆಸ್ಪತ್ರೆಗಳಲ್ಲಿದ್ದರು. ಅನೇಕರು ವಾಪಸ್ ಬರಲಿಲ್ಲ. ಎಲ್ಲಿ ಮಣ್ಣು ಮಾಡಿದರು ಎಂಬುದು ಎಷ್ಟೋ ಮನೆಗಳಿಗೆ ದಶಕಗಳ ಕಾಲ ತಿಳಿಯಲಿಲ್ಲ. ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಇದಕ್ಕೆ ಕ್ಷಮೆ ಕೇಳಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಒಂದು ಪೀಳಿಗೆಯೇ ಹೋಗಿತ್ತು.

ಇಷ್ಟೆಲ್ಲ ನೋಡಿದ ಊರಿನ ಹೆಂಗಸರು 'ಹೆರಿಗೆ ಇಲ್ಲೇ ಆಗಬೇಕು' ಎಂದು ಪಟ್ಟು ಹಿಡಿದರು. ಪುವಿರ್ನಿಟುಕ್ ಹಾಗೆಲ್ಲ ಸುಲಭಕ್ಕೆ ಬಗ್ಗುವ ಊರಲ್ಲ. 1975ರಲ್ಲಿ ಸರ್ಕಾರದ ಜೊತೆಗಿನ ದೊಡ್ಡ ಭೂ ಒಪ್ಪಂದಕ್ಕೆ ಒಪ್ಪದೆ ನಿಂತ ಹಳ್ಳಿಗಳಲ್ಲಿ ಅದೂ ಒಂದು. 1986ರಲ್ಲಿ ಅಲ್ಲಿನ ಇನುಲಿಟ್ಸಿವಿಕ್ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ವಿಭಾಗ ತೆರೆಯಿತು. ಕ್ವಿಬೆಕ್‌ನಲ್ಲಿ ಸೂಲಗಿತ್ತಿಯರಿಗೆ ಆಗಿನ್ನೂ ಕಾನೂನಿನ ಮಾನ್ಯತೆ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಊರಿನ ಇನುಯಿಟ್ ಹೆಂಗಸರನ್ನೇ ಆರಿಸಿ, ಅಲ್ಲೇ ವರ್ಷಗಟ್ಟಲೆ ತರಬೇತಿ ಕೊಡುತ್ತಾರೆ. ದಕ್ಷಿಣದಿಂದ ಬಂದ ಅನುಭವಿ ಸೂಲಗಿತ್ತಿಯರ ಜೊತೆ ನಿಂತು, ಹೆರಿಗೆ ಮಾಡಿಸುತ್ತಲೇ ಕಲಿಯುತ್ತಾರೆ. ರಕ್ತಸ್ರಾವವಾದರೆ ಏನು ಮಾಡಬೇಕು, ಮಗು ಉಸಿರಾಡದಿದ್ದರೆ ಏನು ಮಾಡಬೇಕು ಎಲ್ಲವೂ ಆ ಪಾಠದಲ್ಲಿದೆ. ಸೂಲಗಿತ್ತಿಯರು, ಡಾಕ್ಟರು, ನರ್ಸ್‌ಗಳು ಸೇರಿ ಒಂದು ಸಮಿತಿ ಇದೆ. ಪ್ರತಿಯೊಬ್ಬ ಬಸುರಿಯ ಹೆರಿಗೆ ಎಲ್ಲಿ ಆಗಬೇಕೆಂದು ಈ ಸಮಿತಿ ಮೊದಲೇ ಕೂತು ಯೋಚಿಸುತ್ತದೆ. ಅಪಾಯ ಜಾಸ್ತಿ ಕಂಡವರನ್ನು ಮುಂಚೆಯೇ ಮಾಂಟ್ರಿಯಲ್‌ಗೆ ಕಳಿಸುತ್ತಾರೆ. ಸಿಸೇರಿಯನ್ ಅಲ್ಲಿ ಆಗುವುದಿಲ್ಲ, ಅದನ್ನು ಯಾರೂ ಮುಚ್ಚಿಡುವುದೂ ಇಲ್ಲ. 2000ದಿಂದ 2007ರವರೆಗಿನ ದಾಖಲೆ ನೋಡಿದರೆ ನೂರಕ್ಕೆ 80ಕ್ಕಿಂತ ಹೆಚ್ಚು ಹೆರಿಗೆಗಳು ನುನಾವಿಕ್‌ನಲ್ಲೇ ಆಗಿವೆ. ತಾಯಿ, ಮಕ್ಕಳ ಸ್ಥಿತಿ ಚೆನ್ನಾಗಿತ್ತು. ಸಿಸೇರಿಯನ್ ತೀರಾ ಕಡಿಮೆ.

ಇನ್ನೊಂದು ವಿಷಯ. ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದಾಗಲೂ ಕೆಲವರಿಗೆ ದಿನ ತುಂಬುವ ಮೊದಲೇ ನೋವು ಬರುತ್ತಿತ್ತು. ಆಗ ಹೆರಿಗೆ ಮಾಡಿಸಿ ರೂಢಿ ಇದ್ದವರು ಊರಲ್ಲಿ ಇರುತ್ತಿರಲಿಲ್ಲ. ಈಗ ಇದ್ದಾರೆ. ಮಕ್ಕಳನ್ನು ಬಿಟ್ಟು ಹೋದ ತಾಯಿಯ ಸಂಕಟ, ಹುಟ್ಟಿದಾಗ ಅಪ್ಪ ಹತ್ತಿರ ಇಲ್ಲದ ಮಗು, ಇವೂ ಅಪಾಯವೇ ಎಂದು ಆ ಹೆಂಗಸರು ವಾದಿಸಿದರು. ನನಗೆ ಆ ವಾದ ಪೂರ್ತಿ ಒಪ್ಪಿಗೆ. ಅಪಾಯ ಯಾವುದು ಎಂದು ಅಲ್ಲಿಯವರೆಗೆ ಬೇರೆಯವರು ತೀರ್ಮಾನಿಸುತ್ತಿದ್ದರು. ಆ ಮಾತು ಊರಿನವರ ಕೈಗೆ ಬಂದದ್ದನ್ನೇ ನಾವು ಗಟ್ಟಿತನ ಎಂದು ಬರೆದದ್ದು.

ಅಲ್ಲಿ ಹುಟ್ಟು ಎಂದರೆ ನೆಂಟಸ್ತಿಕೆ ಶುರುವಾಗುವ ಹೊತ್ತು. ಹೊಕ್ಕುಳಬಳ್ಳಿ ಕತ್ತರಿಸುವ ಅಥವಾ ಮಗುವಿಗೆ ಮೊದಲ ಬಟ್ಟೆ ತೊಡಿಸುವ ಹೆಂಗಸನ್ನು 'ಸನಾಜಿ' ಎನ್ನುತ್ತಾರೆ. ಹುಡುಗ ಬೆಳೆದು ಮೊದಲ ಬೇಟೆ ಆಡಿದಾಗ ಅದನ್ನು ಅವಳಿಗೇ ತಂದು ಕೊಡುತ್ತಾನೆ. ತೀರಿಹೋದ ಹಿರಿಯರ ಹೆಸರನ್ನು ಮಗುವಿಗೆ ಇಟ್ಟರೆ, ಅದೇ ನಂಟಿನ ಹೆಸರಿನಿಂದ ಮಗುವನ್ನು ಕರೆಯುತ್ತಾರೆ. ಪುಟ್ಟ ಮಗುವನ್ನು 'ಅಜ್ಜ' ಎಂದು ಕರೆಯುವವರೂ ಇದ್ದಾರೆ. ಮಗು ದೂರದ ಆಸ್ಪತ್ರೆಯಲ್ಲಿ ಹುಟ್ಟಿದರೆ ಹೊಕ್ಕುಳಬಳ್ಳಿ ಕತ್ತರಿಸುವವರು ಯಾರೋ ಆಗಿರುತ್ತಾರೆ.

ಹಾಗಂತ ಅಲ್ಲಿ ಎಲ್ಲ ಸರಿಹೋಗಿದೆ ಎಂದು ಹೇಳಲಾರೆ. ಮನೆಗಳ ಕೊರತೆ ವಿಪರೀತ. ಕ್ಷಯ ಇನ್ನೂ ಇದೆ. ಕೆನಡಾದ ಇನುಯಿಟ್ ಪ್ರದೇಶಗಳಲ್ಲಿ ಆತ್ಮಹತ್ಯೆಯ ಪ್ರಮಾಣ ದೇಶದ ಉಳಿದ ಭಾಗಕ್ಕಿಂತ 5ರಿಂದ 25 ಪಟ್ಟು ಹೆಚ್ಚು ಎಂದು ಇನುಯಿಟ್ ಜನರ ರಾಷ್ಟ್ರೀಯ ಸಂಸ್ಥೆಯೇ 2016ರಲ್ಲಿ ಹೇಳಿತು. ಓದಿ ಎದೆ ಒಡೆಯಿತು. ಆತ್ಮಹತ್ಯೆ ತಡೆಯಲು ಅವರು ಆಗ ಮಾಡಿದ ಯೋಜನೆಯಲ್ಲಿ ಕೌನ್ಸೆಲಿಂಗ್ ಮಾತ್ರ ಇಲ್ಲ. ಮಕ್ಕಳನ್ನು ಹುಟ್ಟಿನಿಂದಲೇ ಚೆನ್ನಾಗಿ ಪೋಷಿಸುವುದೂ ಇದೆ, ಹಳೆಯ ನೋವುಗಳಿಗೆ ಪರಿಹಾರ ಹುಡುಕುವುದೂ ಇದೆ. ಹೆರಿಗೆ ಊರಿಗೆ ಬಂದದ್ದನ್ನು ನಾನು ಇದರ ಜೊತೆಗೇ ಇಟ್ಟು ನೋಡುತ್ತೇನೆ. ಪುವಿರ್ನಿಟುಕ್ ಆದಮೇಲೆ 1998ರಲ್ಲಿ ಇನುಕ್ಜುವಾಕ್, 2004ರಲ್ಲಿ ಸಲುಯಿಟ್ ಹಳ್ಳಿಗಳಲ್ಲೂ ಹೆರಿಗೆ ಶುರುವಾಯಿತು.

ನಮ್ಮಲ್ಲೂ ಎಲ್ಲ ಹೆರಿಗೆಯನ್ನು ಮನೆಗೆ ತರಬೇಕು ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆ ಹೆರಿಗೆಯಿಂದ ಇಲ್ಲಿ ಎಷ್ಟು ಜೀವ ಉಳಿದಿವೆ ಎಂದು ನಿಮಗೇ ಚೆನ್ನಾಗಿ ಗೊತ್ತು. ಆದರೆ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟ ನಾವು, ಅಂಥವರಿಗೆ ವಾರ್ಡಿನೊಳಗೆ ಜಾಗ ಕೊಟ್ಟೆವೇ? ನಿಮ್ಮ ವಾರ್ಡಿಗೆ ಬಸುರಿಯ ಜೊತೆ ಊರಿನ ಸೂಲಗಿತ್ತಿ ಬರುತ್ತಿದ್ದರೇ? ಬಂದರೆ ಬಾಗಿಲಲ್ಲೇ ನಿಲ್ಲುತ್ತಿದ್ದರೇ, ಒಳಗೆ ಬಿಡುತ್ತಿದ್ದಿರೇ? ನೀವು ಕಂಡದ್ದನ್ನು ದಯವಿಟ್ಟು ಬರೆದು ಕಳಿಸಿ. ಉದ್ದವಾದರೂ ಪರವಾಗಿಲ್ಲ, ಪ್ರಕಟಿಸುತ್ತೇವೆ.

ಸಂಪಾದಕ