ಹೋಗುವಾಗ ರೈಲು, ಬರುವಾಗ ವಿಮಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ವಿರಾಜಪೇಟೆ ಸಮೀಪದ ಹಳ್ಳಿಯೊಂದರ ನಿವೃತ್ತ ಶಿಕ್ಷಕ, ವಯಸ್ಸು 67. ಕಾಫಿ ಕೊಯ್ಲು ಮುಗಿದ ಮೇಲೆ ಪತ್ನಿಯೊಡನೆ ದೆಹಲಿಯಲ್ಲಿರುವ ಮಗಳ ಮನೆಗೆ ಹೋಗಬೇಕೆಂದಿದ್ದೇನೆ. ‘ಎರಡು ರಾತ್ರಿ ರೈಲಿನಲ್ಲಿ ಯಾಕೆ ಒದ್ದಾಡುತ್ತೀರಿ, ವಿಮಾನದ ಟಿಕೆಟ್ ಮಾಡಿಸುತ್ತೇನೆ’ ಎನ್ನುತ್ತಾಳೆ ಮಗಳು. ನನಗೋ ಕಿಟಕಿಯ ಪಕ್ಕ ಕುಳಿತು ದೇಶ ನೋಡುತ್ತ ಹೋಗುವ ಆಸೆ. ಇದು ಮುದುಕನ ಹಟವೇ?

ಉತ್ತರ: ಹಟವೇನೂ ಅಲ್ಲ, ಮೇಷ್ಟ್ರೇ. ಹೋಗುವಾಗ ರೈಲು ಹಿಡಿಯಿರಿ, ಬರುವಾಗ ಮಗಳ ಮಾತು ಕೇಳಿ ವಿಮಾನ ಹತ್ತಿರಿ. ಹೊರಟಾಗ ಇರುವ ಉತ್ಸಾಹಕ್ಕೆ ಎರಡು ರಾತ್ರಿ ಭಾರವಾಗುವುದಿಲ್ಲ. ಮರಳುವಾಗ ಮಾತ್ರ ಮನಸ್ಸು ಆಗಲೇ ತೋಟ ಸೇರಿರುತ್ತದೆ, ದೇಹ ಅದನ್ನು ಬೇಗ ಹಿಂಬಾಲಿಸಿದಷ್ಟೂ ಒಳ್ಳೆಯದು.

ಮಡಿಕೇರಿಯ ರಾಜಾಸೀಟಿನ ಬಳಿಯ ಮಕ್ಕಳ ಪುಟಾಣಿ ರೈಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಮ್ಮ ಕೊಡಗು ಜಿಲ್ಲೆಯಲ್ಲಿ ರೈಲೇ ಇಲ್ಲ. ಸೇನೆಗೆ ಸೇರಿದ ನಮ್ಮ ಹಿರಿಯರು ಕಬ್ಬಿಣದ ಟ್ರಂಕನ್ನು ಬಸ್ಸಿನ ಮೇಲೇರಿಸಿ ಮೈಸೂರಿಗೋ ಘಟ್ಟದ ಕೆಳಗೋ ಇಳಿದ ಮೇಲೆಯೇ ಅವರಿಗೆ ರೈಲಿನ ಸಿಳ್ಳೆ ಕೇಳಿಸುತ್ತಿತ್ತು. ನೀವೂ ಹಾಗೆಯೇ ಮಾಕುಟ್ಟದ ಘಟ್ಟವಿಳಿದು, ಇರಿಟ್ಟಿಯ ಮೇಲೆ ಕಣ್ಣೂರಿಗೆ ಹೋಗಿ, ಎರ್ನಾಕುಳಂನಿಂದ ಬಂದು ಕೊಂಕಣದ ಮೇಲೆ ದೆಹಲಿಗೆ ಹೋಗುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹಿಡಿಯಬಹುದು. ಬೆಂಗಳೂರಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಏರುವುದು ಹೆಚ್ಚಿನವರ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ದೇಶ ನೋಡುವ ಆಸೆಯುಳ್ಳವರಿಗೆ ನಾನು ಹೇಳುವುದು ಕೊಂಕಣದ ದಾರಿಯನ್ನೇ.

1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಮಾರ್ಗದಲ್ಲಿ 91 ಸುರಂಗಗಳಿವೆ. ರತ್ನಾಗಿರಿಗೆ ಸ್ವಲ್ಪ ಮೊದಲು ಸಿಗುವ ಪಾನವಲ್ ಸೇತುವೆ ಕಣಿವೆಯಿಂದ 64 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ಬೋಗಿಯ ಸದ್ದು ತಟ್ಟನೆ ಬದಲಾಗುತ್ತದೆ, ಕಿಟಕಿಯ ಹತ್ತಿರವಿದ್ದ ಮಣ್ಣಿನ ದಿಬ್ಬಗಳು ಮಾಯವಾಗಿ ಕೆಳಗೆ ತೆಂಗಿನ ತಲೆಗಳು ಮಾತ್ರ ಕಾಣುತ್ತವೆ. ರತ್ನಾಗಿರಿ ದಾಟಿದ ಮೇಲೆ ಬರುವ ಕರ್ಬುಡೆ ಸುರಂಗ 6.5 ಕಿಲೋಮೀಟರ್ ಉದ್ದವಿದೆ; ಒಳಹೊಕ್ಕಾಗ ಹೇಳತೊಡಗಿದ ಮನೆಯ ಸುದ್ದಿಯೊಂದನ್ನು ಹೊರಬರುವಷ್ಟರಲ್ಲಿ ಮುಗಿಸಿಬಿಡಬಹುದು.

ಕಲ್ಯಾಣದ ನಂತರ ಕಸಾರಾ ನಿಲ್ದಾಣದಲ್ಲಿ ಕಣ್ಣಿಟ್ಟಿರಿ. ಅಲ್ಲಿಂದ ಇಗತ್ಪುರಿಯವರೆಗಿನ ಘಟ್ಟದಲ್ಲಿ ಹಳಿ 37 ಅಡಿಗೆ ಒಂದು ಅಡಿಯಂತೆ ಏರುವುದರಿಂದ, ಗಾಡಿಯ ಹಿಂಬದಿಗೆ ಬೇರೆ ಎಂಜಿನ್ನುಗಳನ್ನು ಜೋಡಿಸಿ ತಳ್ಳಿಸುತ್ತಾರೆ. ಕೆಸರಿನಲ್ಲಿ ಸಿಕ್ಕ ಜೀಪನ್ನು ಹೆಗಲು ಕೊಟ್ಟು ದೂಡಿದ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟವೇರಿದ ಮೇಲೆ ಕೆಂಪು ಮಣ್ಣು ಹಿಂದುಳಿದು ಕಪ್ಪು ಮಣ್ಣು ಬರುತ್ತದೆ. ಜಳಗಾಂವ್, ಭುಸಾವಳದ ಸುತ್ತ ಬಾಳೆಯ ತೋಟಗಳು ಮೈಲುಗಟ್ಟಲೆ ಹಬ್ಬಿವೆ. ಮನೆಯ ಹಿತ್ತಲಲ್ಲಿ ಹತ್ತು ಗಿಡ ನೆಟ್ಟು ಬಾಳೆ ಬೆಳೆದೆವೆನ್ನುವ ನಮಗೆ ಅದು ಸ್ವಲ್ಪ ನಾಚಿಕೆಯ ನೋಟವೇ. ಇಟಾರ್ಸಿಯ ನಂತರ ನರ್ಮದೆ. ಕತ್ತಲಾಗಿದ್ದರೂ ಸೇತುವೆಯ ಗಡಗಡ ಸದ್ದಿನಿಂದ ಗುರುತು ಹಿಡಿಯಬಹುದು. ಮೊರೇನಾ ಮತ್ತು ಧೋಲಪುರದ ನಡುವೆ ಚಂಬಲ್ ನದಿ, ಅದರ ಎರಡೂ ದಡದಲ್ಲಿ ಮಳೆ ನೀರು ಕೊರೆದ ಮಣ್ಣಿನ ಕಮರಿಗಳು. ಶಾಲೆಯಲ್ಲಿ ನಕ್ಷೆಯ ಮೇಲೆ ಕೋಲಿಟ್ಟು ವರ್ಷಗಟ್ಟಲೆ ತೋರಿಸಿದ ನದಿಗಳನ್ನು ಒಂದಾದ ಮೇಲೊಂದರಂತೆ ದಾಟುವ ಸುಖ, ಮೇಷ್ಟ್ರಿಗಲ್ಲದೆ ಮತ್ತಾರಿಗೆ ದಕ್ಕೀತು?

ವ್ಯವಸ್ಥೆಯ ಮಾತು ಸ್ವಲ್ಪ. ಟಿಕೆಟ್ ಕಾಯ್ದಿರಿಸುವ ಅವಧಿ 2024ರ ನವೆಂಬರಿನಿಂದ 120 ದಿನಗಳ ಬದಲು 60 ದಿನಗಳಾಗಿದೆ. ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ತುಂಬಿದ್ದರೆ ಕೆಳ ಬರ್ತಿನ ಕೋಟಾ ಇದೆ, ನಿಮ್ಮಿಬ್ಬರ ಹೆಸರು ಮಾತ್ರ ಇರುವಂತೆ ಒಂದೇ ಟಿಕೆಟ್ ಮಾಡಿಸಿದರೆ ಅದರ ಪ್ರಯೋಜನ ಸಿಗುತ್ತದೆ. ಹಿರಿಯ ನಾಗರಿಕರಿಗಿದ್ದ ದರದ ರಿಯಾಯಿತಿಯನ್ನು 2020ರಲ್ಲಿ ನಿಲ್ಲಿಸಿದ್ದಾರೆ. ಮೊದಲ ದಿನಕ್ಕೆ ಅಕ್ಕಿರೊಟ್ಟಿ ಮತ್ತು ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಕಟ್ಟಿಕೊಳ್ಳಿ. ನೂಪುಟ್ಟು (ಅಕ್ಕಿ ಶಾವಿಗೆ) ಬೇಡ, ಸಂಜೆಯೊಳಗೆ ಹಳಸುತ್ತದೆ. ರೈಲಿನಲ್ಲಿ ಚಹಾ ಕುಡಿಯಿರಿ. ಅಲ್ಲಿ ಕಾಫಿಯೆಂದು ಕೊಡುವುದನ್ನು ತೋಟದವರು ಕುಡಿಯದಿರುವುದೇ ಮೇಲು.

ಮರಳುವಾಗ ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರು ಗಂಟೆಯೂ ಬೇಕಾಗುವುದಿಲ್ಲ. ಸಂಜೆಯ ವಿಮಾನವಾದರೆ ಬಲಗಡೆಯ ಕಿಟಕಿ ಕೇಳಿ. ವಿಮಾನ ತೆಂಕಣಕ್ಕೆ ಹಾರುವುದರಿಂದ ಸೂರ್ಯಾಸ್ತ ಅತ್ತಲೇ ಇರುತ್ತದೆ, ಎರಡು ರಾತ್ರಿ ಹಗಲುಗಳಲ್ಲಿ ದಾಟಿದ ನೆಲ ಕೆಳಗೆ ಹಾಸಿದ ಕಂಬಳಿಯಂತೆ ಸರಿದುಹೋಗುತ್ತದೆ. ಆಮೇಲೆ ವಿರಾಜಪೇಟೆಯ ಬಸ್ಸಿನಲ್ಲಿ ಅದರ ಎರಡರಷ್ಟು ಹೊತ್ತು ಕುಳಿತಿರಬೇಕಲ್ಲ ಎಂಬುದೊಂದೇ ನನ್ನ ತಕರಾರು. ಕಣ್ಣೂರಿಗೆ ಸಂಪರ್ಕ ವಿಮಾನ ಸಿಗುವ ದಿನವಿದ್ದರೆ ಅದನ್ನೇ ಆರಿಸಿಕೊಳ್ಳಿ. 2018ರ ಡಿಸೆಂಬರಿನಲ್ಲಿ ಶುರುವಾದ ಆ ನಿಲ್ದಾಣ ಮಟ್ಟನ್ನೂರಿನ ಬಳಿ, ನೀವು ಹೋಗುವಾಗ ಇಳಿದ ದಾರಿಯಲ್ಲೇ ಇದೆ.

ಪ್ರಶ್ನೆ: ನನಗೆ 70 ವರ್ಷ, ಊರು ಗೋಣಿಕೊಪ್ಪ. ಮೊಮ್ಮಗನನ್ನು ನೋಡಲು ಮೊದಲ ಬಾರಿಗೆ ವಿಮಾನದಲ್ಲಿ ಲಂಡನ್ನಿಗೆ ಹೊರಟಿದ್ದೇನೆ. ಅಷ್ಟು ಎತ್ತರದಲ್ಲಿ ಉಸಿರಾಟಕ್ಕೆ, ಕಿವಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಅಮ್ಮಾ, ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರಿದರೂ ನೀವು ಕುಳಿತ ಕೋಣೆಯೊಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯಿದ್ದರೂ, ಒಳಗಿನ ಗಾಳಿ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ಒತ್ತಡದಲ್ಲಿರುತ್ತದೆ. ನಮ್ಮ ತಡಿಯಂಡಮೋಳ್ 1,748 ಮೀಟರ್, ಅಂದರೆ 5,700 ಅಡಿಗಿಂತ ತುಸು ಹೆಚ್ಚು. ಅದರ ನೆತ್ತಿಗಿಂತ ಕೊಂಚ ಮೇಲೆ, ಹತ್ತುವ ಶ್ರಮವಿಲ್ಲದೆ, ಕಂಬಳಿ ಹೊದ್ದು ಕುಳಿತಂತೆ ಎಂದುಕೊಳ್ಳಿ. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಯಿದ್ದರೆ ಮಾತ್ರ ನಿಮ್ಮ ವೈದ್ಯರನ್ನು ಮೊದಲೇ ಕೇಳಬೇಕು.

ಕಿವಿ ಕಟ್ಟುವುದು ಹೆಚ್ಚಾಗಿ ಇಳಿಯುವಾಗ. ಮಾಕುಟ್ಟದ ಘಟ್ಟವಿಳಿಯುವ ಬಸ್ಸಿನಲ್ಲಿ ಕಿವಿ ‘ಪಟ್’ ಎನ್ನುವುದನ್ನು ನೀವು ಬಲ್ಲಿರಿ, ಇದೂ ಅದೇ. ಪೆಪ್ಪರ್‌ಮಿಂಟ್ ಚೀಪುತ್ತ ಆಗಾಗ ಉಗುಳು ನುಂಗಿದರೆ ಬಿಡುತ್ತದೆ. ಇಳಿಯುವ ಹೊತ್ತಿಗೆ ನಿದ್ದೆ ಮಾಡಬೇಡಿ. ಮಳೆನಾಡಿನ ನಮಗೆ ಹೆಚ್ಚು ಹೊಸತೆನಿಸುವುದು ಅಲ್ಲಿಯ ಒಣ ಗಾಳಿ. ಮೂಗು, ತುಟಿ ಒಣಗುತ್ತವೆ, ಬಾಯಾರಿಕೆಯಾಗದಿದ್ದರೂ ನೀರು ಕುಡಿಯುತ್ತಿರಿ. ಎರಡು ಗಂಟೆಗೊಮ್ಮೆ ಎದ್ದು ನಡೆದಾಡಿದರೆ ಕಾಲು ಊದಿಕೊಳ್ಳುವುದು ಕಡಿಮೆಯಾಗುತ್ತದೆ. ಹಗಲಿನ ವಿಮಾನವಾದರೆ ಇನ್ನೊಂದು ಸಂತೋಷವಿದೆ: ಪಡುವಣಕ್ಕೆ ಹಾರುವ ವಿಮಾನ ಸೂರ್ಯನ ಬೆನ್ನು ಹತ್ತಿ ಹೋಗುವುದರಿಂದ, ಆ ದಿನದ ಹಗಲು ಮುಗಿಯುವಂತೆಯೇ ಕಾಣುವುದಿಲ್ಲ.

ಪ್ರಶ್ನೆ: ನಾಪೋಕ್ಲಿನಿಂದ ಬರೆಯುತ್ತಿದ್ದೇನೆ. ಪುಣೆಯಲ್ಲಿರುವ ಮಗನ ಮನೆಗೆ ವಿಮಾನದಲ್ಲಿ ಕಾಚಂಪುಳಿ, ಜೇನು, ಕರಿಮೆಣಸು, ಕೊಬ್ಬರಿ ಕೊಂಡೊಯ್ಯಬಹುದೇ?

ಉತ್ತರ: ಕೊಬ್ಬರಿಯನ್ನು ಮನೆಯಲ್ಲೇ ಬಿಡಿ. ಎಣ್ಣೆಯಂಶವಿರುವ ಒಣ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ ಅದು ವಿಮಾನದಲ್ಲಿ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಉಳಿದ ಮೂರನ್ನೂ ಕೈಚೀಲದಲ್ಲಿ ಇಡದೆ, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿಡಿ. ಕೆಲವು ವರ್ಷಗಳ ಹಿಂದೆ ನಾನು ಕಾಚಂಪುಳಿಯ ಚಿಕ್ಕ ಬಾಟಲಿಯೊಂದನ್ನು ಕೈಚೀಲದಲ್ಲೇ ಇಟ್ಟುಕೊಂಡು ತಪಾಸಣೆಗೆ ನಿಂತಿದ್ದೆ. ಕಪ್ಪಗೆ, ಡಾಂಬರಿನಂತೆ ಮಂದವಾಗಿದ್ದ ದ್ರವವನ್ನು ಕಂಡು ಸಿಬ್ಬಂದಿ ಮುಚ್ಚಳ ತೆರೆದು ಮೂಸಿದರು, ಮತ್ತೊಬ್ಬರನ್ನು ಕರೆದು ಮೂಸಿಸಿದರು. ಹಣ್ಣಿನ ರಸವನ್ನು ಕುದಿಸಿ ಬತ್ತಿಸಿದ ಹುಳಿ, ಪಂದಿ ಕರಿಗೆ ಹಾಕುವುದು ಎಂದು ನಾನು ವಿವರಿಸಿದಷ್ಟೂ ಅವರ ಅನುಮಾನ ಹೆಚ್ಚಿತು. ಬಾಟಲಿ ಅಲ್ಲೇ ಉಳಿಯಿತು.

ಬಾಟಲಿಯನ್ನು ಕತ್ತಿನವರೆಗೆ ತುಂಬದೆ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಟ್ಟೆಗಳ ನಡುವೆ ಇರಿಸಿ. ಬಿಳಿ ಬಟ್ಟೆಯ ಪಕ್ಕ ಮಾತ್ರ ಬೇಡ. ಮೊಬೈಲಿನ ಪವರ್ ಬ್ಯಾಂಕ್ ಇದ್ದರೆ ಅದಕ್ಕೆ ನಿಯಮ ಇದಕ್ಕೆ ತದ್ವಿರುದ್ಧ: ಅದು ಪೆಟ್ಟಿಗೆಯಲ್ಲಿರಬಾರದು, ಕೈಚೀಲದಲ್ಲೇ ಇರಬೇಕು.