ಮೆರಾಪಿ ಸಿಡಿದರೆ ಯೋಗ್ಯಕರ್ತಾದಲ್ಲಿರುವ ಮಗಳು ಏನು ಮಾಡಬೇಕು?

ಮಗಳು ಓದಲು ಇಂಡೋನೇಷ್ಯಾದ ಯೋಗ್ಯಕರ್ತಾಕ್ಕೆ ಹೊರಟಿದ್ದಾಳೆ, ಹತ್ತಿರದಲ್ಲೇ ಮೆರಾಪಿ ಜ್ವಾಲಾಮುಖಿ ಇದೆಯಂತೆ, ಸಿಡಿದರೆ ಏನು ಗತಿ ಅಂತ ಕೇಳಿದ್ದೀರಿ. ಪೇಟೆಯಿಂದ ಶಿಖರಕ್ಕೆ ಸುಮಾರು 30 ಕಿ.ಮೀ. ಲಾವಾ ಅಷ್ಟು ದೂರ ಬರುವುದಿಲ್ಲ, ಟಿವಿಯವರು ಅದನ್ನೇ ತೋರಿಸಿ ಹೆದರಿಸುತ್ತಾರೆ ಅಷ್ಟೆ. ಆಕೆ ಎಚ್ಚರ ವಹಿಸಬೇಕಾದ್ದು ಬೂದಿಗೆ, ಅದಕ್ಕಿಂತ ಹೆಚ್ಚಾಗಿ ಹೊಳೆಗೆ.

ನಾನು ಅಂಕೋಲೆಯವನು, ಹಡಗಿನಲ್ಲಿ ಕೆಲಸ. 2014ರ ಫೆಬ್ರುವರಿಯಲ್ಲಿ ಅಲ್ಲಿನದೇ ಇನ್ನೊಂದು ಜ್ವಾಲಾಮುಖಿ ಕೆಲುದ್ ಸಿಡಿದಾಗ ನಮ್ಮ ಹಡಗು ಸುರಬಾಯಾ ಬಂದರಿನಲ್ಲಿತ್ತು. ಬೆಳಗಾದರೆ ಡೆಕ್ ಮೇಲೆಲ್ಲ ಹುಡಿ. ಒಲೆಯ ಬೂದಿಯ ಹಾಗೆ ಮೆತ್ತಗಿರುವುದಿಲ್ಲ ಅದು. ಕಲ್ಲು, ಗಾಜಿನ ಪುಡಿ, ಬೆರಳಲ್ಲಿ ತಿಕ್ಕಿದರೆ ಚರಚರ ಅನ್ನುತ್ತದೆ. ಒಬ್ಬ ಹುಡುಗ ಹೋಸ್ ಹಿಡಿದು ತೊಳೆಯಲು ಹೋದ. ಎಲ್ಲ ಕೆಸರಾಗಿ ನೀರಿನ ಕಿಂಡಿಗಳಲ್ಲಿ ಗಟ್ಟಿ ಕೂತಿತು, ಕೆರೆದು ತೆಗೆಯುವಷ್ಟರಲ್ಲಿ ಸಂಜೆ.

ಹಾಗಾಗಿ ಒಂದಷ್ಟು ಎನ್95 ಮಾಸ್ಕ್ ಈಗಲೇ ಪೆಟ್ಟಿಗೆಗೆ ಹಾಕಿ. ಬಟ್ಟೆ ಒದ್ದೆ ಮಾಡಿ ಕಟ್ಟಿಕೊಂಡರೆ ಹೆಚ್ಚು ಸೋಸುತ್ತದೆ ಅನ್ನುವುದು ಬರೀ ನಂಬಿಕೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು ಕನ್ನಡಕ ಹಾಕಿಕೊಳ್ಳಲಿ. ಬೂದಿ ಬೀಳುವಾಗ ಕಿಟಕಿ ಬಾಗಿಲು ಮುಚ್ಚಿ ಒಳಗಿರುವುದು, ನೀರಿನ ಪಾತ್ರೆ ಮುಚ್ಚುವುದು. ಆದರೆ ಮಾಡಿನ ಮೇಲೆ ದಪ್ಪಗೆ ಕೂತು ಮಳೆಯೂ ಬಂತೋ, ಆ ಮನೆಯಲ್ಲಿರಬಾರದು. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಸಿಡಿದ ದಿನವೇ ಚಂಡಮಾರುತವೂ ಬಂದು, ನೆನೆದ ಬೂದಿಯ ಭಾರಕ್ಕೆ ಮಾಡು ಕುಸಿದೇ ಬಹಳ ಜನ ಸತ್ತರು.

ಇನ್ನು ಹೊಳೆ. ಬೆಟ್ಟದ ಮೇಲೆ ಕೂತ ಬೂದಿ, ಬಂಡೆ ಎಲ್ಲ ಮಳೆಗೆ ಕೆಸರಾಗಿ ಹೊಳೆ ಹಿಡಿದು ಇಳಿಯುತ್ತದೆ. ಇದಕ್ಕೆ ಲಹಾರ್ ಅನ್ನುತ್ತಾರೆ, ಸಿಡಿತ ನಿಂತು ತಿಂಗಳುಗಳಾದ ಮೇಲೂ ಬರಬಹುದು. ಚೋದೆ ಹೊಳೆ ಮೆರಾಪಿಯ ಕಡೆಯಿಂದ ಇಳಿದು ಯೋಗ್ಯಕರ್ತಾ ಪೇಟೆಯ ನಡುವೆಯೇ ಹರಿಯುತ್ತದೆ; 2010ರ ಸಿಡಿತದ ನಂತರ ಅದರ ದಂಡೆಯ ಮನೆಗಳಿಗೂ ಕೆಸರು ನುಗ್ಗಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದದ್ದು ಹೆದ್ದಾರಿ ಬದಿಗೆ, ಮಣ್ಣು ಹೊಳೆಗೆ ಬಿದ್ದು ನೀರು ಎದ್ದು ಮನೆ ಕೊಚ್ಚಿದ್ದು ಗಂಗಾವಳಿ ಹೊಳೆಯ ಆಚೆ ದಡದ ಉಳುವರೆಯಲ್ಲಿ. ಬಾಡಿಗೆ ಎಷ್ಟೇ ಅಗ್ಗವಿರಲಿ, ಹೊಳೆ ದಂಡೆಯ ರೂಮು ಬೇಡ ಅನ್ನಿ.

ಅಲ್ಲಿ ಎಚ್ಚರಿಕೆಗೆ ನಾಲ್ಕು ಹಂತ. 2020ರ ನವೆಂಬರಿನಲ್ಲಿ ಮೆರಾಪಿಯನ್ನು ಮೂರನೆಯದಕ್ಕೆ ಏರಿಸಿದರು, ಪೇಟೆಯ ಬದುಕೇನೂ ನಿಲ್ಲಲಿಲ್ಲ. ಹಂತಕ್ಕಿಂತ, ಶಿಖರದಿಂದ ಎಷ್ಟು ಕಿ.ಮೀ. ಒಳಗೆ ಹೋಗಬಾರದು ಅಂತ ಹೇಳಿದ್ದಾರೆ ನೋಡಲಿ. 2010ರಲ್ಲಿ ಅದನ್ನು 20 ಕಿ.ಮೀ.ಗೆ ಹಿಗ್ಗಿಸಿದ್ದರು, ಸತ್ತವರು 300ಕ್ಕೂ ಹೆಚ್ಚು. ಗೆಳೆಯರು ಮೆರಾಪಿ ಹತ್ತೋಣ ಅಂದರೆ ಇವಳು ಹೋಗದಿರಲಿ. ಬೂದಿಗೆ ವಿಮಾನ ನಿಂತರೂ ಗಾಬರಿ ಬೇಡ, ಜಕಾರ್ತಾಕ್ಕೂ ಸುರಬಾಯಾಕ್ಕೂ ರೈಲಿದೆ.